ಎರಡೂ ಕಿವಿ ಕಾಣಬೇಕು

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ, ಬುಧವಾರದ ಸಾಲಿನಲ್ಲಿ,
ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ಫೋಟೋ ವಾಪಸು ತಳ್ಳಿದ:
ಹಿಂದೆ ಬಿಳಿ ಇರಲಿ, ನೋಟ ನೇರ ಇರಲಿ,
ಮಫ್ಲರು ಬೇಡ. ಎರಡೂ ಕಿವಿ ಕಾಣಬೇಕು.

ಅದೇ ಕಷ್ಟ.
ಎರಡು ವರ್ಷದಿಂದ ಮುನಿಶಾಮಣ್ಣ
ಆ ಕಂದು ಮಫ್ಲರು ಬಿಚ್ಚಿದ್ದು ಕ್ಷೌರಕ್ಕೆ ಮಾತ್ರ,
ಅದೂ ಅಂಗಡಿಯ ರೇಡಿಯೋ ಆರಿಸಿದ ಮೇಲೆ.

ಶಿಡ್ಲಘಟ್ಟದಲ್ಲಿ ನನ್ನ ಸ್ಟುಡಿಯೋ, ಗೂಡಿನ ಮಾರುಕಟ್ಟೆಯ ಹಿಂದೆ.
ಹತ್ತಡಿ ಉದ್ದ, ಏಳಡಿ ಅಗಲ, ಎರಡು ಛತ್ರಿ ದೀಪ,
ಒಂದು ಬಾಚಣಿಗೆ, ಊರಿಗೆಲ್ಲ ಒಂದೇ ಕಪ್ಪು ಕೋಟು.
ಇಲ್ಲಿ ಕೂತು ಮದುಮಗಳ ಮೊಡವೆ ಅಳಿಸಿದ್ದೇನೆ,
ಸತ್ತವರಿಗೆ ಕಣ್ಣು ತೆರೆಸಿದ್ದೇನೆ,
ಮಾತು ಬಿಟ್ಟ ದಾಯಾದಿಯನ್ನು ಗೃಹಪ್ರವೇಶದಿಂದ ಎತ್ತಿ
ಆ ಜಾಗದಲ್ಲಿ ಬಾಳೆಕಂಬ ನೆಟ್ಟಿದ್ದೇನೆ.

ಅಣ್ಣ ರೀಲರಾಗಿದ್ದ. ಕುದಿವ ನೀರಿಗೆ ಬೆರಳದ್ದಿ
ಗೂಡಿನ ತುದಿ ಹುಡುಕುವುದರಲ್ಲಿ
ನಮ್ಮ ಬೀದಿಯಲ್ಲಿ ಅವನ ಸಮ ಯಾರೂ ಇರಲಿಲ್ಲ.
ಒಂದು ಗೂಡು, ಅರ್ಧ ಮೈಲಿ ಎಳೆ, ಎಲ್ಲೂ ತುಂಡಾಗದ ಹಾಗೆ.
ಈಗ ಅನ್ನುತ್ತಾನೆ: ಬಲಗಿವಿಯಲ್ಲಿ ತುದಿ ಸಿಕ್ಕಿದೆ ಅವರಿಗೆ.
ರಾತ್ರಿಯೆಲ್ಲ ಸುತ್ತುತಾರೆ.
ಒಳಗಿನ ಹುಳ ಬೆತ್ತಲಾಗೋವರೆಗೂ ಬಿಡಲ್ಲ, ಪಾಪ.
(ಪಾಪ ಅಂದರೆ ನಾನು. ಮೂವತ್ತಾರು ತುಂಬಿದರೂ.)

ಅಮ್ಮ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಅಳುತ್ತಾಳೆ.

ನನ್ನ ಫೋನಿನಲ್ಲಿ ಅವನು ಈಗಾಗಲೇ ಇದ್ದಾನೆ.
ಡಾಕ್ಟರು ಕೇಳಿದ್ದರು, ತಂದು ತೋರಿಸಿ ಎಂದು:
ಮಾತ್ರೆಗೆ ನಡುಗುವ ಕೈ, ಹದಿನೇಳು ಸೆಕೆಂಡು.
ಗೋಡೆಗೆ ಮುಖ ಮಾಡಿ ನಿಂತ ಬೆನ್ನು, ಬೆಳಗಿನ ಜಾವ ಮೂರೂವರೆ.
ಮುಟ್ಟದ ತಟ್ಟೆ.
ಎಲ್ಲ ಬಾಗಿಲ ಸಂದಿಯಿಂದ, ಕೇಳದೇ ತೆಗೆದವು.
ಮದುವೆಮನೆಯಲ್ಲಿ ಹೀಗೆ ತೆಗೆದರೆ ಕ್ಯಾಂಡಿಡ್ ಅಂತ
ಎರಡು ಸಾವಿರ ಜಾಸ್ತಿ ಹಾಕುತ್ತೇನೆ.
ಮನೆಯಲ್ಲಿ ಅದಕ್ಕೇನು ಹೆಸರೋ.

ಸೋಮವಾರ ಮಧ್ಯಾಹ್ನ ಕರೆಂಟು ಬಂದ ಮೇಲೆ ಕೂರಿಸಿದೆ.
ಸ್ಟೂಲಿನ ಮೇಲೆ, ಇಸ್ಕೂಲು ಹುಡುಗನ ಹಾಗೆ
ಮೊಣಕಾಲ ಮೇಲೆ ಕೈ.
ಕೇಳಿದೆ, ಈ ಸಲ ಕೇಳಿದೆ: ಅಣ್ಣ, ತೆಗೀಲಾ?
ನನ್ನನ್ನು ನೋಡಲಿಲ್ಲ, ಗಾಜಿನ ಕಣ್ಣನ್ನು ನೋಡಿದ.
ಬೇಗ ಮುಗಿಸ್ತೀಯಾ?
ನೀನೇ ಎಣಿಸು ಅಂದೆ, ಮೂರು ಅನ್ನುವಷ್ಟರಲ್ಲಿ ಆಯ್ತು.

ಮಫ್ಲರು ತೊಡೆಗೆ ಇಳಿಯಿತು.
ಕಿವಿಗಳು.
ಬಿಸಿಲು ಕಾಣದೆ ಬಿಳಿಚಿದ, ಎಳೆಗೂಸಿನಂಥ,
ಥೇಟ್ ಅಪ್ಪನ ಕಿವಿಗಳು.
ಒಂದು ಅಂದ, ಎರಡು ಅಂದ. ಮೂರು ಅನ್ನಲಿಲ್ಲ.
ನಾನು ಒತ್ತಿದೆ.

ಆಮೇಲೆ ಕಂಪ್ಯೂಟರಿನ ಮುಂದೆ, ನನ್ನ ಪಕ್ಕ ಬಂದು ಕೂತ.
ಮೊಡವೆ ತೆಗೀತೀಯಲ್ಲ, ಹಂಗೆ ಇವನ್ನೂ ತೆಗಿ.
ಕಿವಿನಾ?
ಎರಡೂನು.

ತೆಗೆದೆ. ಗಿರಾಕಿ ಯಾರೂ ಇರಲಿಲ್ಲ.
ಕೆನ್ನೆಯ ಚರ್ಮ ಎರವಲು ತಂದು, ಕೂದಲು ಒಂದಿಷ್ಟು ಇಳಿಸಿ,
ಮೊದಲು ಬಲ, ಆಮೇಲೆ ಎಡ.
ರೇಷ್ಮೆಗೂಡಿನಷ್ಟು ನುಣ್ಣಗಾಯಿತು ಮುಖ,
ತುದಿಯೇ ಇಲ್ಲ.
ಬಹಳ ಹೊತ್ತು ನೋಡಿದ. ಹೊರಗೆ ಯಾರೋ
ಗೂಡಿನ ಚೀಲ ಹೇರಲು ಆಟೋದವನ ಜೊತೆ ಚೌಕಾಸಿ ಮಾಡುತ್ತಿದ್ದರು.
ಸದ್ದಿಲ್ಲ, ಅಂದ.
ಮತ್ತೆ ಸ್ವಲ್ಪ ಹೊತ್ತಿಗೆ:
ಇವನನ್ನ ನೀನು ಊಟಕ್ಕೆ ಕರೆದರೂ ಕೇಳಿಸಲ್ಲ.
ಎಡಗಡೇದು ವಾಪಸ್ ಹಾಕು, ಪಾಪ.
ನೀನು ಕೂರೋ ಕಡೇದು.

ಆ ಒಂಟಿ ಕಿವಿಯವನು ಅಂಗಡಿಯಲ್ಲೇ ಇದ್ದಾನೆ.
ಫೈಲಿಗೆ ಇನ್ನೂ ಹೆಸರಿಟ್ಟಿಲ್ಲ.

ಬುಧವಾರ ಕೊಟ್ಟದ್ದು ಎರಡೂ ಕಿವಿಯ ಪ್ರತಿಯನ್ನೇ.
ಗುಮಾಸ್ತ ಅಂಟು ಹಚ್ಚಿ, ಅರ್ಧ ಹಣೆಯ ಮೇಲೆ ಬರುವಂತೆ ಸೀಲು ಗುದ್ದಿದ.
ಬಸ್ಸಿನ ಪಾಸು ಯಾವಾಗ ಸಿಗುತ್ತೆ ಅಂತ ಅಮ್ಮ
ಬಸ್ಸಿನಲ್ಲೇ ಮೂರು ಸಲ ಕೇಳಿದಳು.
ಕಿಟಕಿಗೆ ಅಣ್ಣ, ಅವನ ಎಡಕ್ಕೆ ನಾನು.
ಮಫ್ಲರು ಮತ್ತೆ ಬಿಗಿದಿತ್ತು,
ಈ ಕಡೆ ಮಾತ್ರ ಸ್ವಲ್ಪ ಸಡಿಲ.
ಗಾಳಿಗೂ ಇರಬಹುದು.